ಅವ್ವನ ತೆಳಗಿನ ಹಲ್ಲಿನ ಸೆಟ್ ಕುಂದ್ರವಲ್ದು: ಇಂಪ್ಲಾಂಟ್ ಹಾಕಿಸಬೇಕೋ, ಬ್ಯಾಡೋ?

ಬ್ರಹ್ಮಪುರದ ಮಗಳು, ಕಲಬುರಗಿ

ಎಲ್ಲಾರಿಗೂ ಶರಣ್ರಿ. ನಮ್ಮವ್ವಗ 68 ವರ್ಷ. ವಸಡು ಸಡಿಲಾಗಿ ಹಲ್ಲು ಒಂದೊಂದೇ ಅಲುಗಾಡಿ, ಕಡೀಕ ಎಲ್ಲಾ ತೆಗಿಸಬೇಕಾಯ್ತು. ಮ್ಯಾಲಿಂದು, ತೆಳಗಿಂದು ಎರಡೂ ಸೆಟ್ ಕಟ್ಟಿಸೀವಿ. ಮ್ಯಾಲಿಂದು ಚಲೋ ಹಿಡಿತದ. ತೆಳಗಿಂದು ಮಾತ್ರ ಕುಂದ್ರವಲ್ದು. ಮಾತಾಡ್ಲಕ್ಕ ಬಾಯಿ ತೆಗೆದ್ರ ಎದ್ದು ನಾಲಿಗಿ ಮ್ಯಾಲ ಬರ್ತದ, ನಾಕು ತುತ್ತು ಉಂಡ್ರ ವಸಡು ಹುಣ್ಣಾಗ್ತದ. ಈಗ ಅದು ಡಬ್ಬ್ಯಾಗ ಅದ. ರೊಟ್ಟಿ ಬ್ಯಾಳಿ ಸಾರಿನಾಗ ನೆನಸಿ ನುಂಗ್ತಾಳ. ಪುಂಡಿಪಲ್ಯ ಬಿಟ್ರ ಬ್ಯಾರೆ ಪಲ್ಯದ ಕಡಿ ಕೈ ಹಾಕಲ್ಲ.

ಊಟದ ಚಿಂತಿ ಒಂದು ಕಡಿ ಇರ್ಲಿ, ನನಗ ಹೆಚ್ಚು ಸಂಕಟ ಆಗೋದು ಬ್ಯಾರೆದಕ್ಕ. ಓಣಿ ತುಂಬ ಮಾತಾಡ್ತಿದ್ದಾಕಿ ಈಗ ಸೆರಗು ಬಾಯಿಗಿ ಹಿಡಕೊಂಡು ಎರಡೇ ಮಾತು ಆಡ್ತಾಳ. ಶ್ರಾವಣದಾಗ ಭಜನಿಗೆ ಹೋಗೋದು ಬಿಟ್ಟಾಳ. ಎಳ್ಳ ಅಮಾಸಿಗಿ ಎಲ್ಲಾರೂ ಹೊಲಕ್ಕ ಹೋದ್ರ ಈಕಿ "ಮಣಕಾಲು ನೋಯ್ಲತ್ತಾವ" ಅಂತ ಮನ್ಯಾಗ ಉಳದಳು. ನಾಕು ಮಂದಿ ಮುಂದ ಕುಂತು ಉಣ್ಣೋದು ಆಕಿಗಿ ಬ್ಯಾಡಾಗ್ಯಾದ ಅಂತ ನನಗ ಗೊತ್ತದ.

ಒಂದು ಖಾಸಗಿ ದವಾಖಾನ್ಯಾಗ ತೆಳಗಿನ ದವಡಿಗಿ ಎರಡು ಇಂಪ್ಲಾಂಟ್ (ಎಲುಬಿನಾಗ ಕುಂದ್ರಿಸೋ ಲೋಹದ ಸ್ಕ್ರೂ) ಹಾಕಿ ಅದರ ಮ್ಯಾಲ ಸೆಟ್ ಒತ್ತಿ ಕುಂದ್ರಿಸ್ತೀವಿ ಅಂದಾರ. ನಮ್ಮಣ್ಣ "ಈ ವಯಸ್ಸಿನಾಗ ಎಲುಬು ಕೊರಿಸೋದು ಯಾಕ, ಸಕ್ಕರಿ ಬ್ಯಾನಿ ಬ್ಯಾರೆ ಅದ" ಅಂತಾನ. ಹಾಕಿಸಿಕೊಂಡವ್ರು, ಮನ್ಯಾಗ ಹಿರೇರಿಗಿ ಹಾಕಿಸಿದವ್ರು ಯಾರರ ಇದ್ರ ಹ್ಯಾಂಗ ಆಗ್ಯಾದ ಅಂತ ಖರೆ ಹೇಳ್ರಿ.

ನಿವೃತ್ತ ಮಾಸ್ತರ, ಹುಮನಾಬಾದ

ತಂಗೀ, ನಾನೇ ಹಾಕಿಸಿಕೊಂಡವ ಇದೀನಿ, ತೆಳಗ ಎರಡು. ಮ್ಯಾಲ ಬರೇ ಸೆಟ್ಟೇ ಅದ. ನಂದು ಏನೇನು ಸುಧಾರಿಸ್ತು, ಏನು ಸುಧಾರಿಸಲಿಲ್ಲ ಎರಡೂ ಹೇಳ್ತೀನಿ.

ಮೊದಲು ಮಾತಿನ ವಿಷಯ. ಸಾಲ್ಯಾಗ ಕನ್ನಡ ಕಲಿಸಿದಾವ ನಾನು. ಸಭಾದಾಗ ಬಸವಣ್ಣನವರ ವಚನ ಹೇಳ್ಲಕ್ಕ ನಿಂತ್ರ "ಸ", "ಶ" ಬಂದಲ್ಲೆಲ್ಲ ತೆಳಗಿನ ಸೆಟ್ ಎದ್ದು ಬರ್ತಿತ್ತು. ಅದನ್ನ ನಾಲಿಗಿಲೆ ಒತ್ತಿ ಹಿಡಿಯೋದ್ರಾಗೇ ಗಮನ ಹೋಗಿ ಮುಂದಿನ ಸಾಲು ಮರೀತಿದ್ದೆ. ಇಂಪ್ಲಾಂಟ್ ಆದ ಮ್ಯಾಲ ಆ ಹೆದರಿಕಿ ಪೂರಾ ಹೋಗ್ಯಾದ. ಇದೊಂದೇ ಸಾಕು ನನಗ.

ಊಟದಾಗ ಮೆತ್ತನ ರೊಟ್ಟಿ, ಎಣ್ಣಿಗಾಯಿ, ಹೆಸರುಕಾಳು, ಸೌತಿಕಾಯಿ ಎಲ್ಲಾ ಆಗ್ತದ. ಖಡಕ್ ರೊಟ್ಟಿ ಮುರದು ದವಡಿಗಿ ಹಾಕ್ಕೊಂಡು ಅಗೀತೀನಿ, ಮುಂದಿನ ಹಲ್ಲಿಲೆ ಕಚ್ಚಲ್ಲ. ಕಬ್ಬು, ಪ್ಯಾರಲ ಹಣ್ಣಿನ ಬೀಜದ ಸನೇಕ ಹೋಗಲ್ಲ. ಶೇಂಗಾ ಹಿಂಡಿ ಈಗೂ ಸೆಟ್ಟಿನ ತೆಳಗ ಸೇರ್ತದ. ಯಾಕಂದ್ರ ಸೆಟ್ ಹಿಂದಿನ ಕಡಿ ವಸಡಿನ ಮ್ಯಾಲೇ ಕುಂತಿರ್ತದ. ಉಂಡ ಮ್ಯಾಲ ತೆಗೆದು ತೊಳಿಬೇಕು. ಸೆಟ್ಟಿನ ಒಳಗ ಇಂಪ್ಲಾಂಟ್ ಹಿಡಿಯೋ ಸಣ್ಣ ಪ್ಲಾಸ್ಟಿಕ್ ಉಂಗುರ ಸವದು ಸೆಟ್ ಸಡಿಲಾಗ್ತದ, ಹೋಗಿ ಬದಲಿಸಬೇಕು. ಅದಕ್ಕ ರೊಕ್ಕ ಬೀಳ್ತದ. ಇದನ್ನ ನನಗ ಮೊದಲಿಗೇ ಯಾರೂ ಹೇಳಿರಲಿಲ್ಲ, ಅದಕ್ಕ ನಿಮಗ ಹೇಳ್ಲತ್ತೀನಿ.

ಯಾದಗಿರಿ ಸೊಸಿ

ಅಕ್ಕೋರ, ನಮ್ಮತ್ತಿದೂ ಇದೇ ಕಥಿ. ಒಟ್ಟು ಎಷ್ಟು ರೊಕ್ಕ ಆಗ್ತದ ಅಂತ ಯಾರರ ಬಿಡಿಸಿ ಹೇಳ್ರಿ. ನಮ್ಮದು ತೊಗರಿ ಹೊಲ, ರಾಶಿ ಆದ ಮ್ಯಾಲೇ ಕೈಯಾಗ ರೊಕ್ಕ.

ದಂತವೈದ್ಯೆ, ಕಲಬುರಗಿ

ಸೆಟ್ ಕಟ್ಟುವ ವಿಭಾಗದಲ್ಲೇ ನಾನು ಕೆಲಸ ಮಾಡುವುದು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೇಲಿನ ಸೆಟ್ ನಿಂತು ಕೆಳಗಿನದು ನಿಲ್ಲದಿರುವುದು ಅವ್ವನೊಬ್ಬರ ಕಷ್ಟವಲ್ಲ. ಮೇಲೆ ಅಂಗುಳಿನ ಪೂರ್ತಿ ಅಗಲ ಸಿಗುತ್ತದೆ. ಎಂಜಲಿನ ತೆಳು ಪದರದ ಮೇಲೆ ಸೆಟ್ ಅಂಟಿ, ಅಂಚು ಮುಚ್ಚಿಕೊಂಡು, ಒಳಗೆ ಗಾಳಿ ಹೋಗದೆ ಹಿಡಿಯುತ್ತದೆ. ಕೆಳಗೆ ಸಿಗುವುದು ಲಾಳದ ಆಕಾರದ ಸಣ್ಣ ದಿಂಡು ಮಾತ್ರ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ ಅದನ್ನು ಸದಾ ತಳ್ಳುತ್ತಿರುತ್ತವೆ. ಇದರ ಮೇಲೆ ಇನ್ನೊಂದು ಸಂಗತಿ: ಹಲ್ಲು ಹೋದ ಮೇಲೆ ಆ ಜಾಗದ ಎಲುಬು ಕರಗತೊಡಗುತ್ತದೆ. ಮೊದಲ ವರ್ಷ ವೇಗವಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಸೆಟ್ ಹಾಕಿಕೊಂಡವರನ್ನು 25 ವರ್ಷ ಹಿಂಬಾಲಿಸಿ 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಳಗಿನ ದಿಂಡು ಮೇಲಿನದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆದಿತ್ತು. ಹಾಗಾಗಿ "ಐದು ವರ್ಷದ ಹಿಂದೆ ಚೆನ್ನಾಗಿ ಕೂತಿತ್ತು, ಈಗ ಯಾಕೆ ಅಲುಗಾಡುತ್ತದೆ" ಎಂದು ಕೇಳುವವರ ಬಾಯಲ್ಲಿ ಸೆಟ್ ಬದಲಾಗಿರುವುದಿಲ್ಲ, ದವಡೆ ಬದಲಾಗಿರುತ್ತದೆ. ಪೂರ್ತಿ ಸೆಟ್ ಹಾಕಿಕೊಂಡವರ ಕಚ್ಚುವ ಬಲ ಸ್ವಂತ ಹಲ್ಲಿನವರ ಕಾಲು ಭಾಗದಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ.

ಇಂಪ್ಲಾಂಟ್ ಅಂದರೆ ಟೈಟಾನಿಯಂ ಲೋಹದ ಸಣ್ಣ ಸ್ಕ್ರೂ. ಎಲುಬು ಟೈಟಾನಿಯಂಗೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೊನೆಮಾರ್ಕ್ 1952ರ ಸುಮಾರಿಗೆ ಮೊಲದ ಕಾಲಿನ ಎಲುಬಿನಲ್ಲಿ ಕಂಡರು. 1965ರಲ್ಲಿ ಗೊಸ್ತಾ ಲಾರ್ಸನ್ ಎಂಬವರ ದವಡೆಗೆ ಮೊದಲ ಬಾರಿ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 40 ವರ್ಷ ಕಳೆದರೂ, ಅವು ಕೆಲಸ ಮಾಡುತ್ತಿದ್ದವು.

ಕೆಳಗಿನ ಸೆಟ್ಟಿಗೆ ಎರಡು ಇಂಪ್ಲಾಂಟನ್ನು ಗದ್ದದ ಮುಂಭಾಗದಲ್ಲಿ, ಕೋರೆಹಲ್ಲು ಇದ್ದ ಕಡೆ ಹಾಕುತ್ತೇವೆ. ಎಷ್ಟು ಸವೆದ ದವಡೆಯಲ್ಲೂ ಸಾಮಾನ್ಯವಾಗಿ ಅಲ್ಲಿ ಎಲುಬು ಉಳಿದಿರುತ್ತದೆ, ತುಟಿಗೆ ಹೋಗುವ ನರ ಅದಕ್ಕಿಂತ ಹಿಂದೆ ಹೊರಬರುತ್ತದೆ. ಎರಡು, ಮೂರು ತಿಂಗಳು ಎಲುಬು ಹಿಡಿಯಲು ಬಿಟ್ಟು, ಆಮೇಲೆ ಮೇಲೆ ಗುಂಡು ತಲೆ ಕೂಡಿಸಿ, ಸೆಟ್ಟಿನ ಒಳಗೆ ಅದಕ್ಕೆ ಸರಿಹೊಂದುವ ಉಂಗುರ ಇಡುತ್ತೇವೆ. ಬ್ಲೌಸಿನ ಟಿಚ್ ಬಟನ್ ಒತ್ತಿದ ಹಾಗೆ ಸೆಟ್ ಕೂಡುತ್ತದೆ, ಎಳೆದರೆ ಬಿಡುತ್ತದೆ. ಗದ್ದದ ಈ ಜಾಗದ ಇಂಪ್ಲಾಂಟ್‌ಗಳು ವರ್ಷಗಳ ನಂತರವೂ 100ಕ್ಕೆ 95ಕ್ಕಿಂತ ಹೆಚ್ಚು ಉಳಿಯುತ್ತವೆ.

2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಕೆಳಗಿನ ಹಲ್ಲು ಪೂರ್ತಿ ಇಲ್ಲದವರಿಗೆ ಎರಡು ಇಂಪ್ಲಾಂಟಿನ ಸೆಟ್ಟೇ ಮೊದಲ ಆಯ್ಕೆ ಆಗಬೇಕು ಎಂದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲೂ ಅದೇ ಮಾತು ಬಂತು. ಇದು ಶ್ರೀಮಂತರ ಅಲಂಕಾರದ ಚಿಕಿತ್ಸೆ ಅಲ್ಲ ಎಂದು ಹೇಳಲಿಕ್ಕೇ ಇಷ್ಟು ಬರೆದೆ.

ಯಾದಗಿರಿಯ ಅಕ್ಕ ಕೇಳಿದ್ದಕ್ಕೆ: ಖಾಸಗಿಯಲ್ಲಿ ಒಂದು ಇಂಪ್ಲಾಂಟಿಗೆ ಕಂಪನಿ ನೋಡಿಕೊಂಡು ಸಾಮಾನ್ಯವಾಗಿ 20,000ದಿಂದ 40,000 ರೂಪಾಯಿ, ಹೊರದೇಶದ್ದಾದರೆ ಇನ್ನೂ ಮೇಲೆ. ಇದರೊಳಗೆ ಗುಂಡು ತಲೆ, ಹೊಸ ಸೆಟ್, ಸ್ಕ್ಯಾನ್ ಸೇರಿದೆಯೋ ಇಲ್ಲವೋ ಎಂದು ಬರೆಸಿಕೊಂಡೇ ಒಪ್ಪಿಕೊಳ್ಳಿ. ದಂತ ಕಾಲೇಜುಗಳಲ್ಲಿ ಇದಕ್ಕಿಂತ ಕಡಿಮೆ ಆಗುತ್ತದೆ. ಕಲಬುರಗಿಯಲ್ಲಿ ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್, ಇಎಸ್‌ಐಸಿ ಇವೆ, ಬೀದರಿನವರಿಗೆ ನೌಬಾದಿನ ಎಸ್.ಬಿ. ಪಾಟೀಲ ದಂತ ಕಾಲೇಜು ಇದೆ. ಹೋಗಿ ಪ್ರಾಸ್ತೊಡಾಂಟಿಕ್ಸ್ (ಸೆಟ್ ಕಟ್ಟುವ) ವಿಭಾಗ ಎಂದು ಕೇಳಿ.

ಶಹಾಬಾದ ಅಣ್ಣ

ಅಕ್ಕೋರ, ತೆಗೆಯೋದು ಹಾಕೋದು ಯಾಕ ಬೇಕು? ಹೈದರಾಬಾದಿಗಿ ಕರ್ಕೊಂಡು ಹೋಗ್ರಿ. ನಾಕು ಇಂಪ್ಲಾಂಟ್ ಹಾಕಿ ಪೂರಾ ಫಿಕ್ಸ್ ಹಲ್ಲು ಕೊಡ್ತಾರ, ಅದೇ ದಿನ ಹಲ್ಲು ಹಾಕ್ಕೊಂಡು ಹೊಳ್ಳಿ ಬರಬಹುದು. ನಮ್ಮ ಸಾಹೇಬ್ರು ಒಬ್ಬರು ಹಾಕಿಸ್ಯಾರ, ಅವರಿಗಿ ತಮ್ಮವೇ ಹಲ್ಲು ಅನಸ್ತಾವಂತ.

ದಂತವೈದ್ಯೆ, ಕಲಬುರಗಿ

ಅಣ್ಣಾ, ಅದು ಒಳ್ಳೆಯ ಚಿಕಿತ್ಸೆಯೇ. ಪೋರ್ಚುಗಲ್‌ನ ಪಾವ್ಲೊ ಮಾಲೊ ಬೆಳೆಸಿದ ಪದ್ಧತಿ. ಮುಂದೆ ಎರಡು ನೆಟ್ಟಗೆ, ಹಿಂದೆ ಎರಡು ಓರೆಯಾಗಿ ಹಾಕುತ್ತಾರೆ. ಕೆಳದವಡೆಯ ಫಲಿತಾಂಶ 2003ರಲ್ಲಿ ಪ್ರಕಟವಾಗಿದೆ. ಅಗಿಯುವ ಬಲ ಎರಡು ಇಂಪ್ಲಾಂಟಿನ ಸೆಟ್ಟಿಗಿಂತ ಹೆಚ್ಚು ಸಿಗುತ್ತದೆ, ತೆಗೆದಿಡುವ ರಗಳೆ ಇಲ್ಲ.

ಆದರೆ 68ರ ಅವ್ವನಿಗೆ ಇದನ್ನು ಹೇಳುವ ಮೊದಲು ನಾನು ಮೂರು ವಿಷಯ ನೋಡುತ್ತೇನೆ. ಖರ್ಚು ಬಹಳ ಪಟ್ಟು ಏರುತ್ತದೆ. ಫಿಕ್ಸ್ ಹಲ್ಲಿನ ಕೆಳಗೆ ದಿನಾ ಸಣ್ಣ ಬ್ರಷ್ ತೂರಿಸಿ ತೊಳೆಯಬೇಕು. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಅದು ಕಷ್ಟ. ತೊಳೆಯದೆ ಬಿಟ್ಟರೆ ಇಂಪ್ಲಾಂಟ್ ಸುತ್ತ ಕೀವಾಗಿ ಎಲುಬು ಕರಗುತ್ತದೆ. ತೆಗೆಯುವ ಸೆಟ್ಟನ್ನು ನಲ್ಲಿ ಕೆಳಗೆ ಹಿಡಿದು ಯಾರೂ ತೊಳೆಯಬಹುದು. ಮೂರನೆಯದು ಮುಖ. ಬಹಳ ಸವೆದ ದವಡೆಯವರಲ್ಲಿ ತುಟಿ ಮತ್ತು ಕೆನ್ನೆ ಒಳಗೆ ಕುಸಿದಿರುತ್ತವೆ. ಸೆಟ್ಟಿನ ಗುಲಾಬಿ ಅಂಚು ಅದನ್ನು ತುಂಬಿ ಹಿಡಿಯುತ್ತದೆ, ಫಿಕ್ಸ್ ಹಲ್ಲಿನಲ್ಲಿ ಆ ಅಂಚು ಇರುವುದಿಲ್ಲ.

ಅದೇ ದಿನ ಹಲ್ಲು ಎಂಬುದು ಎಲುಬು ಗಟ್ಟಿ ಇದ್ದು, ಸ್ಕ್ರೂ ಬಿಗಿಯಾಗಿ ಹಿಡಿದವರಿಗೆ ಮಾತ್ರ. ಅದೂ ಮೊದಲು ತಾತ್ಕಾಲಿಕ ಹಲ್ಲು, ಮೆತ್ತಗಿನ ಊಟದ ಪಥ್ಯದೊಂದಿಗೆ. ಪಕ್ಕಾ ಹಲ್ಲು ತಿಂಗಳುಗಳ ನಂತರ. ಇನ್ನು ಹೈದರಾಬಾದೋ ಸೊಲ್ಲಾಪುರವೋ ಎಲ್ಲಿ ಹಾಕಿಸಿದರೂ ಆಮೇಲೆ ಸಣ್ಣ ಪುಟ್ಟ ರಿಪೇರಿಗೆ ಹೋಗುತ್ತಲೇ ಇರಬೇಕಾಗುತ್ತದೆ. ಮನೆ ಹತ್ತಿರ ನೋಡುವವರು ಯಾರಿದ್ದಾರೆ ಎಂಬುದನ್ನು ಮೊದಲೇ ಯೋಚಿಸಿ.

ಸೆಟ್ ಕಟ್ಟೋ ಲ್ಯಾಬಿನವ, ಬೀದರ

ಮೇಡಂ ಹೇಳಿದ್ದು ಖರೆ. ನಾ ಒಂದು ಮಾತು ಸೇರಿಸ್ತೀನಿ. ಇಂಪ್ಲಾಂಟಿನ ಮಾತಿಗಿಂತ ಮೊದಲು ಆ ತೆಳಗಿನ ಸೆಟ್ಟನ್ನ ಯಾರರ ಕೈಯಾಗ ಹಿಡದು ನೋಡ್ಯಾರೇನ್ರಿ?

ನಮ್ಮ ಟೇಬಲ್ಲಿಗಿ ಬರೋ ಅಳತಿ ಭಾಳಷ್ಟು ಗಡಿಬಿಡಿಲೆ ತಗೊಂಡಿರ್ತಾವ. ತೆಳಗಿನ ಅಂಚು ಗಿಡ್ಡ ಆಗಿರ್ತದ, ನಾಲಿಗಿ ಬಗಲಿನ ಜಾಗ ಅಳತ್ಯಾಗ ಬಂದೇ ಇರಲ್ಲ. ಮ್ಯಾಲಿನ ತೆಳಗಿನ ಹಲ್ಲು ಒಂದೇ ಸಲ ಕೂಡಲ್ಲ, ಒಂದು ಬಗಲು ಮೊದಲು ತಾಗಿ ಇನ್ನೊಂದು ಬಗಲು ಎತ್ತತದ. ಅಂಥಾ ಸೆಟ್ಟಿಗಿ ಇಂಪ್ಲಾಂಟ್ ಹಾಕಿದ್ರ ಹಿಡಿತ ಬರ್ತದ ಖರೆ, ಆದ್ರ ಓರೆ ಬಿದ್ದ ಭಾರ ಪೂರಾ ಆ ಎರಡು ಸ್ಕ್ರೂ ಮ್ಯಾಲ ಬೀಳ್ತದ. ಉಂಗುರ ಜಲ್ದಿ ಸವೀತದ, ಸೆಟ್ ನಡುವ ಸೀಳ್ತದ. ಸೀಳಿದ ಸೆಟ್ ರಿಪೇರಿಗಿ ನಮ್ಮ ಹತ್ರ ಬಂದಾಗ ಹಲ್ಲು ಕೂಡಸಿ ನೋಡಿದ್ರ ಭಾಳ ಸಲ ಇದೇ ಕಾರಣ ಕಾಣಸ್ತದ.

ಸೆಟ್ ಮೂಲದಾಗ ಚಲೋ ಇದ್ದು ದವಡಿ ಮಾತ್ರ ಸವದಿದ್ರ ಒಳಗಿನ ಕಡಿ ಹೊಸ ಪದರ ಹಾಕಿ ಕುಂದ್ರಿಸ್ಲಕ್ಕ ಬರ್ತದ. ಅದಕ್ಕ ರಿಲೈನ್ ಅಂತಾರ, ಖರ್ಚು ಕಮ್ಮಿ. ಮುಂದ ಇಂಪ್ಲಾಂಟ್ ಹಾಕಿಸಿದ್ರೂ ಅದೇ ಸೆಟ್ಟಿನಾಗ ತೂತು ಕೊರದು ಉಂಗುರ ಕುಂದ್ರಿಸಬಹುದು, ಹೊಸ ಸೆಟ್ಟಿನ ರೊಕ್ಕ ಉಳೀತದ. ಇದನ್ನ ಕೇಳ್ರಿ, ಕೇಳದಿದ್ರ ಹೊಸದೇ ಮಾಡಿಸ್ರಿ ಅಂತ ಹೇಳೋರು ಇರ್ತಾರ.

ಆಳಂದ ರೈತ

ನಾ ಜರಾ ಬ್ಯಾರೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮಪ್ಪಗ ಸರ್ಕಾರದ ದಂತ ಭಾಗ್ಯ ಯೋಜನ್ಯಾಗ ಬಿಪಿಎಲ್ ಕಾರ್ಡಿನ ಮ್ಯಾಲ ಪುಕ್ಕಟೆ ಸೆಟ್ ಆಗ್ಯಾದ. ಬರೇ ಸೆಟ್, ಇಂಪ್ಲಾಂಟ್ ಗಿಂಪ್ಲಾಂಟ್ ಇಲ್ಲ. ಮೊದಮೊದಲು ಅವರೂ ತೆಗೆದು ಕಿಸೆದಾಗ ಇಟ್ಟಕೋತಿದ್ರು. ದವಾಖಾನ್ಯಾಗ ಹುಣ್ಣಾದ ಜಾಗ ತಿಕ್ಕಿ ಕೊಟ್ರು, ಎರಡೂ ಬಗಲಿಗಿ ಸರಿ ಹಾಕ್ಕೊಂಡು ಸಾವಕಾಶ ಅಗೀರಿ ಅಂದ್ರು. ಈಗ ರೊಟ್ಟಿ, ಚವಳಿಕಾಯಿ ಪಲ್ಯ ಎಲ್ಲಾ ಉಣ್ತಾರ, ಸಂತ್ಯಾಗ ಜೋರಿಲೆ ಮಾತಾಡ್ತಾರ. ಎಲ್ಲಾರಿಗೂ ಸ್ಕ್ರೂ ಬೇಕೇ ಬೇಕು ಅಂದ್ರ ರೊಕ್ಕ ಇಲ್ಲದವ್ರು ಸೆಟ್ ಕಟ್ಟಿಸೋದೇ ಬಿಟ್ಟಾರು.

ನಿವೃತ್ತ ಮಾಸ್ತರ, ಹುಮನಾಬಾದ

ಆಳಂದದ ತಮ್ಮಾ, ಛಲೋ ಮಾತು ಹೇಳಿದಿ. ಬರೇ ಸೆಟ್ಟಿಲೆ ಸುಖವಾಗಿ ಇರೋರು ಭಾಳ ಮಂದಿ ಇದಾರ. ಕುಂದ್ರದವರಿಗಿ ಇನ್ನೊಂದು ದಾರಿ ಅದ ಅಂತ ಗೊತ್ತಿರಬೇಕು, ಅಷ್ಟೇ ನನ್ನ ಮಾತು.

ದಂತವೈದ್ಯೆ, ಕಲಬುರಗಿ

ಆಳಂದದ ಅಣ್ಣ ಹೇಳಿದ್ದು ಬಹಳ ಮುಖ್ಯ. ಹೊಸ ಸೆಟ್ಟಿಗೆ ನಾಲಿಗೆ, ಕೆನ್ನೆ ಹೊಂದಿಕೊಳ್ಳಲು ವಾರಗಳೇ ಬೇಕು. ಹುಣ್ಣಾದರೆ ಬಂದು ತಿಕ್ಕಿಸಿಕೊಳ್ಳಬೇಕು, ಮನೆಯಲ್ಲಿ ಚಾಕುವಿನಿಂದ ಕೆರೆಯಬಾರದು. ಈ ಹಂತದಲ್ಲೇ ಬೇಸತ್ತು ಡಬ್ಬಿಗೆ ಹಾಕಿದವರು ಎಷ್ಟೋ ಜನ.

ಬ್ರಹ್ಮಪುರದ ಅಕ್ಕಾ, ಅವ್ವನ ಸಕ್ಕರೆ ಎಷ್ಟಿದೆ, ಯಾವ ಯಾವ ಔಷಧಿ ತೆಗೆದುಕೊಳ್ಳುತ್ತಾರೆ ಬರೆಯಿರಿ. ಇಂಜೆಕ್ಷನ್ ಇದ್ದರೆ ಅದನ್ನೂ.

ಬ್ರಹ್ಮಪುರದ ಮಗಳು, ಕಲಬುರಗಿ

ಮೇಡಂ, ಮೂರು ತಿಂಗಳ ಸಕ್ಕರಿ ಪರೀಕ್ಷಾದಾಗ 7.4 ಬಂದಾದ. ಗುಳಿಗಿ ತಗೋತಾಳ, ಇನ್ಸುಲಿನ್ ಇಲ್ಲ. ಬಿಪಿ ಗುಳಿಗಿ ಒಂದು. ಹೃದಯದ್ದು ಏನೂ ಇಲ್ಲ. ಮತ್ತ ಎಲುಬು ಸವದಾವ ಅಂತ ವರ್ಷಕ್ಕೊಮ್ಮೆ ಸಲೈನದಾಗ ಒಂದು ಇಂಜೆಕ್ಷನ್ ಕೊಡ್ತಾರ, ಹೋದ ವರ್ಷ ಕೊಡಿಸೀವಿ. ಅದು ಹಲ್ಲಿಗಿ ಸಂಬಂಧ ಇಲ್ಲ ಅಂದ್ಕೊಂಡು ನಾವು ಇಂಪ್ಲಾಂಟ್ ದವಾಖಾನ್ಯಾಗ ಹೇಳಿಲ್ಲ.

ದಂತವೈದ್ಯೆ, ಕಲಬುರಗಿ

ಅಕ್ಕಾ, ಸಂಬಂಧ ಇದೆ, ಬಹಳ ಇದೆ. ವರ್ಷಕ್ಕೊಮ್ಮೆ ಸಲೈನಿನಲ್ಲಿ ಕೊಡುವುದು ಎಂದರೆ ಜೊಲೆಡ್ರೊನಿಕ್ ಆಸಿಡ್ ಇರಬೇಕು, ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳಿ. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಗುಳಿಗೆಯೂ ಅದೇ ಗುಂಪಿನದು. ಈ ಔಷಧಿಗಳು ಎಲುಬು ಕರಗುವುದನ್ನು ತಡೆಯುತ್ತವೆ. ಆದರೆ ಎಲುಬು ತನ್ನನ್ನು ತಾನು ಹೊಸದು ಮಾಡಿಕೊಳ್ಳುವ ಕೆಲಸವೂ ಅದರಿಂದ ನಿಧಾನವಾಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಹಲ್ಲು ಕಿತ್ತ ಮೇಲೆ ಅಥವಾ ದವಡೆ ಕೊರೆದ ಮೇಲೆ ಗಾಯ ಮಾಯದೆ, ಎಲುಬು ಸತ್ತು, ಬಾಯೊಳಗೆ ಬರಿದಾಗಿ ಕಾಣುತ್ತದೆ.

ಹೆದರಬೇಡಿ. ಎಲುಬು ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು 10,000ಕ್ಕೆ ಬೆರಳೆಣಿಕೆಯವರಿಗೆ ಆಗುವಂಥದ್ದು. ಕ್ಯಾನ್ಸರ್ ಎಲುಬಿಗೆ ಹರಡಿದವರಿಗೆ ಇದೇ ಔಷಧಿಯನ್ನು ಮೂರು, ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಅಂಥವರಿಗೆ ಇಂಪ್ಲಾಂಟ್ ಹಾಕುವುದಿಲ್ಲ. ಅವ್ವನ ವಿಷಯದಲ್ಲಿ ಇಂಪ್ಲಾಂಟ್ ಆಗುವುದೇ ಇಲ್ಲ ಎಂದೇನಿಲ್ಲ. ಆದರೆ ಇಂಜೆಕ್ಷನ್ ಕೊಟ್ಟ ವೈದ್ಯರು ಮತ್ತು ದವಡೆ ಕೊರೆಯುವವರು ಇಬ್ಬರೂ ಮಾತಾಡಿಕೊಳ್ಳದೆ ಹಾಕಬಾರದು. ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ ಎಂದು ಬರೆದುಕೊಂಡು ಹೋಗಿ. ನೀವಾಗಿ ನಿಲ್ಲಿಸಬೇಡಿ. ಈ ವಯಸ್ಸಿನಲ್ಲಿ ತೊಡೆ ಎಲುಬು ಮುರಿಯುವುದು ಹಲ್ಲಿಗಿಂತ ದೊಡ್ಡ ಆಪತ್ತು.

ಸಕ್ಕರೆ 7.4 ಅಡ್ಡಿಯಲ್ಲ. 8 ದಾಟಿದ್ದರೆ ಮೊದಲು ಸಕ್ಕರೆ ಇಳಿಸಿ ಬನ್ನಿ ಎನ್ನುತ್ತಿದ್ದೆ. ಹತೋಟಿ ತಪ್ಪಿದ ಸಕ್ಕರೆಯಲ್ಲಿ ಗಾಯ ತಡವಾಗಿ ಮಾಯುತ್ತದೆ, ಸೋಂಕು ಬೇಗ ಹತ್ತುತ್ತದೆ. ರಕ್ತ ತೆಳು ಮಾಡುವ ಗುಳಿಗೆ ತಿನ್ನುವವರು ಈ ಪುಟ ಓದುತ್ತಿದ್ದರೆ ಅವರಿಗೂ ಒಂದು ಮಾತು: ಹಲ್ಲಿನ ಕೆಲಸಕ್ಕೆಂದು ಯಾರನ್ನೂ ಕೇಳದೆ ಅದನ್ನು ಬಿಡಬೇಡಿ, ಹೃದಯದ ವೈದ್ಯರು ಹೇಳಿದಂತೆ ನಡೆಯಿರಿ.

ಅಣ್ಣನಿಗೆ ಹೇಳಿ, ವಯಸ್ಸೊಂದೇ ಅಡ್ಡ ಬರುವುದಿಲ್ಲ. 80ರವರಲ್ಲೂ ಟೈಟಾನಿಯಂ ಎಲುಬಿಗೆ ಬೆಸೆಯುತ್ತದೆ. ಅಡ್ಡ ಬರುವುದು ರೋಗ, ಔಷಧಿ, ತಂಬಾಕು, ಮತ್ತು ತೊಳೆದುಕೊಳ್ಳಲಾಗದ ಸ್ಥಿತಿ.

ಯಾದಗಿರಿ ಸೊಸಿ

ಮೇಡಂ, ತಂಬಾಕು ಅಂದ್ರಿ. ನಮ್ಮತ್ತಿ ಮಿಶ್ರಿ ಹಚ್ಚತಾಳ. ಹಲ್ಲು ಹೋದ್ರೂ ವಸಡಿಗಿ ತಿಕ್ಕೋದು ಬಿಟ್ಟಿಲ್ಲ.

ದಂತವೈದ್ಯೆ, ಕಲಬುರಗಿ

ಮಿಶ್ರಿಯೂ ತಂಬಾಕೇ. ವಸಡಿನ ರಕ್ತ ಸಂಚಾರ ಕುಗ್ಗುತ್ತದೆ, ಗಾಯ ಮಾಯುವುದಿಲ್ಲ. ಇಂಪ್ಲಾಂಟಿನ ಮಾತು ಬಿಡಿ, ಅತ್ತೆಯ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು ಏನಾದರೂ ಇದೆಯೇ ಎಂದು ಮೊದಲು ತೋರಿಸಿ. ಎರಡು ವಾರ ದಾಟಿದ ಹುಣ್ಣನ್ನು "ಸೆಟ್ ತಾಗಿ ಆಗ್ಯಾದ" ಎಂದು ಬಿಡಬಾರದು. ಹಲ್ಲಿಲ್ಲದವರೂ ವರ್ಷಕ್ಕೊಮ್ಮೆ ಬಾಯಿ ತೋರಿಸಲೇಬೇಕು, ನಮ್ಮ ಕಡೆ ಗುಟ್ಕಾ, ತಂಬಾಕು ಇಷ್ಟು ಇರುವಾಗ ಇನ್ನೂ ಹೆಚ್ಚು.

ಆಶಾ ಕಾರ್ಯಕರ್ತೆ, ಸೇಡಂ ತಾಲ್ಲೂಕು

ನಾ ಮನಿ ಮನಿ ತಿರಗಾಡ್ತೀನ್ರಿ. ಹಲ್ಲಿಲ್ಲದ ಮುದುಕ್ಯಾರು ನಮ್ಮ ಮುಂದ ಎಂದೂ ಹಲ್ಲಿನ ಮಾತು ತೆಗೆಯಲ್ಲ. "ಹಸಿವಿಲ್ಲವ್ವ" ಅಂತಾರ, "ಸಂಡಾಸ ಸರಿ ಆಗಲ್ಲ" ಅಂತಾರ, "ನಿಶ್ಶಕ್ತಿ" ಅಂತಾರ. ಏನು ಉಂಡಿ ಅಂತ ಕೇಳಿದ್ರ ಬೆಳಿಗ್ಗಿ ಛಾದಾಗ ಖಾರಿ, ಮಧ್ಯಾಹ್ನ ನುಚ್ಚು ಮಜ್ಜಿಗಿ, ರಾತ್ರಿ ಅದೇ. ಕಾಳಿಲ್ಲ, ತಪ್ಪಲಿಲ್ಲ, ಹಣ್ಣಿಲ್ಲ. ಮದುವ್ಯಾಗ ಎಲ್ಲಾರೂ ಎದ್ದ ಮ್ಯಾಲ ಅಡಗಿ ಮನ್ಯಾಗ ಕುಂತು ಉಣ್ಣೋ ಅಜ್ಜಿ ಇದ್ದಾಳ ನಮ್ಮೂರಾಗ, ಮೊಮ್ಮಕ್ಕಳು ನೋಡಿ ನಗ್ತಾವಂತ. ಇದನ್ನ ಯಾವ ರಿಜಿಸ್ಟರಿನಾಗ ಬರೀಬೇಕ್ರಿ ನಾನು? ಇದು ಬ್ಯಾನಿ ಅಂತ ಮನಿಯವ್ರೂ ತಿಳಿಯಲ್ಲ.

ದಂತವೈದ್ಯೆ, ಕಲಬುರಗಿ

ಅಕ್ಕಾ, ನೀವು ಬರೆದದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕು ಅನಿಸಿತು. ಇದನ್ನು ಅಳೆಯುವ ಪ್ರಶ್ನಾವಳಿಗಳು ಇವೆ. ಒಎಚ್‌ಐಪಿ (ಓರಲ್ ಹೆಲ್ತ್ ಇಂಪ್ಯಾಕ್ಟ್ ಪ್ರೊಫೈಲ್) ಎಂಬುದು 1994ರಲ್ಲಿ 49 ಪ್ರಶ್ನೆಗಳೊಂದಿಗೆ ಬಂತು. ಹಲ್ಲು ಪೂರ್ತಿ ಇಲ್ಲದವರಿಗೆಂದೇ ಅದರ ಸಣ್ಣ ರೂಪ 2002ರಲ್ಲಿ ಬಂತು. ಊಟ ಅರ್ಧಕ್ಕೆ ಬಿಡಬೇಕಾಯಿತೇ, ಸೆಟ್ ಅಲುಗಾಡುತ್ತದೆಂದು ಸಂಕೋಚ ಆಯಿತೇ, ಜನರ ನಡುವೆ ಹೋಗುವುದನ್ನು ತಪ್ಪಿಸಿದಿರಾ, ಈ ಥರದ್ದನ್ನೇ ಅದರಲ್ಲಿ ಕೇಳುತ್ತಾರೆ. ಬರೇ ಸೆಟ್ ಹಾಕಿದವರನ್ನೂ ಎರಡು ಇಂಪ್ಲಾಂಟಿನ ಸೆಟ್ ಹಾಕಿದವರನ್ನೂ ಚೀಟಿ ಎತ್ತಿ ಹಂಚಿದಂತೆ ಎರಡು ಗುಂಪು ಮಾಡಿ ಹೋಲಿಸಿದ ಮೆಕ್‌ಗಿಲ್‌ನ ಅಧ್ಯಯನಗಳಲ್ಲಿ ಇಂಪ್ಲಾಂಟಿನವರ ತೃಪ್ತಿ ಹೆಚ್ಚಿತ್ತು. ಈ ಕಷ್ಟಗಳಲ್ಲೂ ಅವರಿಗೆ ಹೆಚ್ಚು ಇಳಿಕೆ ಕಂಡಿತ್ತು.

ಪೋಷಣೆಯ ವಿಷಯದಲ್ಲಿ ಮಾತ್ರ ಎಚ್ಚರ. ಅಗಿಯುವ ಶಕ್ತಿ ಬಂದ ಮಾತ್ರಕ್ಕೆ ಊಟ ತಾನಾಗಿ ಬದಲಾಗುವುದಿಲ್ಲ ಎಂದೇ ಹೆಚ್ಚಿನ ಅಧ್ಯಯನಗಳು ತೋರಿಸಿವೆ. ವರ್ಷಗಟ್ಟಲೆ ನುಚ್ಚು ಉಂಡವರು ಹಲ್ಲು ಬಂದ ಮೇಲೂ ನುಚ್ಚೇ ಉಣ್ಣುತ್ತಾರೆ. ಮನೆಯವರು ತಾಟಿನಲ್ಲಿ ಕಾಳುಪಲ್ಯ, ಮೆಂತೆ ತಪ್ಪಲು, ಹಣ್ಣು ಇಟ್ಟು ಕೂತು ಉಣ್ಣಿಸಬೇಕು.

ಬ್ರಹ್ಮಪುರದ ಮಗಳು, ಕಲಬುರಗಿ

ಎಲ್ಲಾರಿಗೂ ಶರಣು. ನಿಮ್ಮ ಮಾತು ಕೇಳಿ ಅವ್ವನ್ನ ದಂತ ಕಾಲೇಜಿಗಿ ಕರ್ಕೊಂಡು ಹೋಗಿದ್ದೆ. ಲ್ಯಾಬಿನ ಅಣ್ಣಾ, ನೀವು ಹೇಳಿದ್ದೇ ಆಯ್ತು: ಸೆಟ್ಟಿನ ನಾಲಿಗಿ ಬಗಲಿನ ಅಂಚು ಗಿಡ್ಡ ಅದ, ಕಚ್ಚೋದು ಎಡಗಡಿ ಮೊದಲು ತಾಗ್ತದ ಅಂದ್ರು. ದೊಡ್ಡ ಎಕ್ಸ್‌ರೇ ತೆಗೆದ್ರು. ಮುಂದ ಎಲುಬು ಅದ, ಹಿಂದ ಭಾಳ ಸವದಾದ. ಇಂಜೆಕ್ಷನ್ ಕೊಟ್ಟ ಡಾಕ್ಟರ್ ಚೀಟಿ ಬರದು ಕೊಟ್ಟಾರ, ಎರಡೇ ಸಲ ಕೊಟ್ಟೀವಿ, ಮುಂದಿನದು ಕೊಡೋ ಮೊದಲು ಹಲ್ಲಿನ ಕೆಲಸ ಮುಗಿಸ್ಲಕ್ಕ ಅಡ್ಡಿ ಇಲ್ಲ, ಇಬ್ಬರೂ ಮಾತಾಡಿಕೊಂಡೇ ಮಾಡೋಣು ಅಂದಾರ.

ಅಲ್ಲಿ ಮೇಡಂ ಒಬ್ಬರು ಅವ್ವನ್ನೇ ಕೇಳಿದ್ರು, ನಿಮಗ ಏನು ಬೇಕು ಅಂತ. ನಾವು ಅಣ್ಣ ತಂಗಿ ಇಷ್ಟು ದಿನ ನಮ್ಮ ನಮ್ಮಲ್ಲೇ ವಾದ ಮಾಡಲತ್ತಿದ್ವಿ. ಅವ್ವ ರೊಟ್ಟಿ ಮಾತೇ ತೆಗಿಲಿಲ್ಲ. "ಭಜನ್ಯಾಗ ಪದ ಹೇಳುವಾಗ ಇದು ಜಿಗಿಬಾರದ್ರಿ" ಅಂದಳು. ಶರಣಬಸಪ್ಪನ ಗುಡ್ಯಾಗ ಮುಂದ ಕುಂತು ಹಾಡ್ತಿದ್ದಾಕಿ ಆಕಿ.

ಮೊದಲು ಹೊಸ ತೆಳಗಿನ ಸೆಟ್ ಸರಿಯಾಗಿ ಮಾಡಿ, ಅದನ್ನ ಕೆಲವು ವಾರ ಹಾಕ್ಕೊಂಡು ನೋಡ್ಲಿ, ಹಾಡುವಾಗ ಎದ್ದು ಬಂದ್ರ ಎರಡು ಇಂಪ್ಲಾಂಟ್ ಹಾಕಿ ಅದೇ ಸೆಟ್ಟಿಗಿ ಉಂಗುರ ಕುಂದ್ರಿಸೋಣು ಅಂತ ಮಾತಾಗ್ಯಾದ. ಅಣ್ಣ ಒಪ್ಪ್ಯಾನ. ಅರ್ಧ ರೊಕ್ಕ ನಂದೂ ಅಂತ ಹೇಳ್ಯಾನ.

ಸೆಟ್ ಕಟ್ಟೋ ಲ್ಯಾಬಿನವ, ಬೀದರ

ಚಲೋ ಆಯ್ತು ತಂಗೀ. ಹೊಸ ಸೆಟ್ ಮಾಡುವಾಗ ಮೇಣದ ಮ್ಯಾಲ ಹಲ್ಲು ಹಚ್ಚಿ ಒಮ್ಮೆ ಬಾಯಾಗ ಇಟ್ಟು ನೋಡ್ತಾರ. ಆವಾಗ ಅವ್ವಗ ಒಂದು ಪದ ಹಾಡ್ಲಕ್ಕ ಹೇಳ್ರಿ. ಹಲ್ಲು ಮುಂದ ಹಿಂದ ಸರಿಸೋದು ಆ ಹಂತದಾಗ ಸಸಾರ, ಪಕ್ಕಾ ಆದ ಮ್ಯಾಲ ಆಗಲ್ಲ.

ಶಹಾಬಾದ ಅಣ್ಣ

ಮೇಡಂ, ನಾ ಒಂದು ಕೇಳ್ತೀನಿ. ಈಗ ಹಾಕಿಸ್ತಾರ. ನಾಳೆ ಲಕ್ವಾ ಹೊಡದು ಹಾಸಿಗಿ ಹಿಡದ್ರ ಆ ಸ್ಕ್ರೂ ಬಾಯಾಗ ಏನು ಗತಿ? ಎಂಆರ್‌ಐ ಮಾಡ್ಲಕ್ಕ ಬರ್ತದೇನು? ನಮ್ಮ ತಾಯಿಗಿ ಲಕ್ವಾ ಆಗಿತ್ತು, ಅದಕ್ಕ ಕೇಳ್ಲತ್ತೀನಿ.

ದಂತವೈದ್ಯೆ, ಕಲಬುರಗಿ

ಎಲ್ಲರೂ ಕೇಳಬೇಕಾದ ಪ್ರಶ್ನೆ, ಅಣ್ಣಾ. ಎಂಆರ್‌ಐ ಮಾಡಬಹುದು, ಟೈಟಾನಿಯಂ ಅಯಸ್ಕಾಂತಕ್ಕೆ ಹತ್ತುವುದಿಲ್ಲ. ಸೆಟ್ ತೆಗೆದಿಟ್ಟು ಒಳಗೆ ಹೋಗಬೇಕು. ಕೆಲವು ಸೆಟ್‌ಗಳಲ್ಲಿ ಉಂಗುರದ ಬದಲು ಅಯಸ್ಕಾಂತದ ಹಿಡಿತ ಇರುತ್ತದೆ. ಅಂಥವರು ಎಂಆರ್‌ಐ ಕೋಣೆಯವರಿಗೆ ಮೊದಲೇ ಹೇಳಬೇಕು.

ಹಾಸಿಗೆ ಹಿಡಿದವರ ವಿಷಯ ಇನ್ನೂ ಮುಖ್ಯ. ಸೆಟ್ಟನ್ನು ರಾತ್ರಿ ತೆಗೆದು, ಬ್ರಷ್‌ನಲ್ಲಿ ತಿಕ್ಕಿ, ತಣ್ಣೀರಲ್ಲಿ ಇಡಬೇಕು. ಬಿಸಿನೀರು ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ. ಜಪಾನಿನಲ್ಲಿ 85 ದಾಟಿದವರನ್ನು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಅಪಾಯ ಸುಮಾರು 2 ಪಟ್ಟು ಇತ್ತು. ರೋಗಿಯನ್ನು ನೋಡಿಕೊಳ್ಳುವವರು ವಸಡಿನ ಮೇಲೆ ನಿಂತ ಎರಡು ಗುಂಡು ತಲೆಗಳ ಸುತ್ತ ಮೆತ್ತನೆಯ ಬ್ರಷ್‌ನಲ್ಲಿ ತಿಕ್ಕಬೇಕು. ಒತ್ತಿ ಕೂಡಿಸುವ ಸೆಟ್ಟನ್ನು ತೆಗೆಯಲು ಜೋರು ಬೇಕಾಗುತ್ತದೆ. ಕೈಯಲ್ಲಿ ಬಲ ಇಲ್ಲದವರಿಗೆ ಸಡಿಲ ಹಿಡಿತದ ಉಂಗುರ ಹಾಕಿಕೊಡುತ್ತೇವೆ, ಅದು ಬೇರೆ ಬೇರೆ ಬಿಗಿಯಲ್ಲಿ ಸಿಗುತ್ತದೆ. ಮುಂದೆ ಸೆಟ್ ಹಾಕಿಕೊಳ್ಳುವುದೇ ಆಗದ ಸ್ಥಿತಿ ಬಂದರೆ ಆ ಗುಂಡು ತಲೆ ಬಿಚ್ಚಿ ಗಿಡ್ಡ ಮುಚ್ಚಳ ಹಾಕಿಬಿಡಬಹುದು. ಸ್ಕ್ರೂ ಎಲುಬಿನಲ್ಲೇ ಸುಮ್ಮನೆ ಇರುತ್ತದೆ, ನಾಲಿಗೆಗೆ, ಕೆನ್ನೆಗೆ ತಾಗುವುದಿಲ್ಲ. ಎರಡು ಇಂಪ್ಲಾಂಟಿನ ತೆಗೆಯುವ ಸೆಟ್ಟನ್ನು ಹಿರಿಯರಿಗೆ ನಾನು ಹೆಚ್ಚು ಹೇಳುವುದು ಇದಕ್ಕೇ. ಫಿಕ್ಸ್ ಹಲ್ಲಿನಲ್ಲಿ ಹೀಗೆ ಹಿಂದೆ ಸರಿಯುವುದು ಕಷ್ಟ.

ಇಂಪ್ಲಾಂಟ್ ಹಾಕಿದ ದಿನ ಕಂಪನಿ ಹೆಸರು, ಅಳತೆ, ನಂಬರ್ ಇರುವ ಸ್ಟಿಕರ್ ಚೀಟಿ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ. ಹತ್ತು ವರ್ಷದ ಮೇಲೆ ಬೇರೆ ಊರಿನ ದವಾಖಾನೆಯಲ್ಲಿ ಆ ತಲೆ ಬಿಚ್ಚಬೇಕೆಂದರೆ ಯಾವ ಕಂಪನಿಯ ಚಾವಿ ಬೇಕು ಎಂದು ಅದರಿಂದಲೇ ತಿಳಿಯುತ್ತದೆ.

ನಿವೃತ್ತ ಮಾಸ್ತರ, ಹುಮನಾಬಾದ

ಮೇಡಂ, ನಂದು ಆ ಚೀಟಿ ಪೆನ್ಷನ್ ಫೈಲಿನಾಗ ಅದ. ಈಗೇ ಫೋಟೋ ತೆಗೆದು ಮಗನ ಫೋನಿಗೂ ಸೊಸಿ ಫೋನಿಗೂ ಕಳಿಸ್ತೀನಿ.